ಶಹಾಪುರದ ಗುಡ್ಡಕ್ಕೆ ಸುರಪುರದ ದನಿ

"ದೇವರ ಗುಡ್ಡ ಏರ್ರಿ ಅಂದ್ರ ಮೊಣಕಾಲು ನೋಯ್ತಾವ, ತಂತಿ ಕಟ್ಟಾಕ ಅಂದ್ರ ಆಡಿನಂಗ ಜಿಗೀತೀರಿ" ಎಂದು ನನ್ನ ಹೆಂಡತಿ ರೊಟ್ಟಿ, ಜೊತೆಗೆ ಹಿಂಡಿ ಅನ್ನುವ ಚಟ್ನಿಪುಡಿ ಕಟ್ಟಿಕೊಡುತ್ತಲೇ ಬೈಯುತ್ತಾಳೆ. ಬೈಯಲಿ. ಗುಡ್ಡದ ತುದಿಯಲ್ಲಿ ಕೂತು, ಅಂಗೈಯಗಲದ ಹ್ಯಾಮ್ ರೇಡಿಯೊ ಹಚ್ಚಿ, ಕಾಣದ ಊರಿನವರ ಜೊತೆ ಮಾತಾಡುವ ಹವ್ಯಾಸ ನನ್ನದು. ಅದಕ್ಕೆ ಪರೀಕ್ಷೆ ಬರೆದು ಸರ್ಕಾರದ ಲೈಸೆನ್ಸ್ ಪಡೆದಿದ್ದೇನೆ. ಬರೀ ಹುಚ್ಚನಿಗೆ ಲೈಸೆನ್ಸ್ ಯಾರು ಕೊಡುತ್ತಾರೆ?

ಈ ಹುಚ್ಚು ಹಿಡಿಸಿದವನು ಸುರಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಗಂಟಲು ಅಂದರೆ ಅವನದು. ಗಿರಾಕಿಯನ್ನು ಕರೆದರೆ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಗುಡ್ಡಗಳನ್ನೆಲ್ಲ ಜೊತೆಯಾಗಿಯೇ ಏರಿದ್ದೇವೆ. ನಾನು ತಂತಿ ಕಟ್ಟುವುದು, ಅವನು ಮೈಕ್ ಹಿಡಿಯುವುದು.

ಹೋದ ವರ್ಷ ಆ ಗಂಟಲಿಗೇ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಪರೇಷನ್ ಕೋಣೆಯ ಬಾಗಿಲಲ್ಲಿ ಅವನು ನನ್ನ ಕೈ ಹಿಡಿದು, "ಹೋಗ್ತೀನಪಾ" ಎಂದ. ನಮ್ಮ ಕಡೆ ಹಾಗೆ ಯಾರೂ ಅನ್ನುವುದಿಲ್ಲ. ಬಾಜು ಅಂಗಡಿಗೆ ಹೊರಟವನೂ "ಬರ್ತೀನಿ" ಅಂದೇ ಮೆಟ್ಟಿಲು ಇಳಿಯುತ್ತಾನೆ. "ಲೇ, ಬರ್ತೀನಿ ಅನ್ನಲೇ" ಎಂದು ಗದರಿದೆ. ಅನ್ನಲಿಲ್ಲ. ಅವನ ಗಂಟಲಿನಿಂದ ಬಂದ ಕಡೆಯ ಮಾತು ಅದೇ ಆಗಿಹೋಯಿತು.

ಮನೆಗೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಫೋನಿಗೆ ಮೆಸೇಜ್ ಹಾಕಿದರೆ ಉತ್ತರವಿಲ್ಲ. "ಅಣ್ಣಾರ, ಗ್ವಾಡಿ ಕಡಿ ಮಾರಿ ಮಾಡಿ ಮಲಗಿಬಿಡ್ತಾರ. ಹಿಂಗಾದ್ರ ಮನಷ್ಯಾ ಉಳೀತಾನೇನ್ರಿ? ನೀವ ಏನರ ಮಾಡ್ರಿ" ಎಂದು ಅವನ ಹೆಂಡತಿ ಅತ್ತಳು. ನಾನೇನು ಡಾಕ್ಟರೇ? ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಬಾಯಿಯ ಹಂಗಿಲ್ಲದೆ, ಚುಕ್ಕೆ ಗೆರೆಗಳ ಸದ್ದಿನಲ್ಲೇ ಮಾತಾಡುವ ಮೋರ್ಸ್ ನಮ್ಮಿಬ್ಬರಿಗೂ ಬರುತ್ತದೆ.

"ತಂಗಿ, ಐತವಾರ ಮುಂಜಾನೆ ಅವನ ರೇಡಿಯೊ ಹಚ್ಚಿಡು. ಗುಂಡಿ ತಿರುವಬ್ಯಾಡ, ನಾವು ಮಾತಾಡೂ ಜಾಗಾದಾಗೇ ಇರ್ಲಿ. ಮೋರ್ಸ್ ಬಡಿಯೂ ಕೀ ಕೈಗೆ ಸಿಗೂವಂಗ ಇಡು. ಅವಗ ಏನೂ ಹೇಳಬ್ಯಾಡ" ಎಂದೆ.

ಐತವಾರ ಶಹಾಪುರದ ಗುಡ್ಡ ಏರಿದೆ. ಒಂದರ ಮೇಲೊಂದು ಕೂತ ಮನೆಯಷ್ಟು ದೊಡ್ಡ ಬಂಡೆಗಳು. ಯಾರು ಪೇರಿಸಿದರೋ, ಯಾಕೆ ಉರುಳಿ ಬೀಳುವುದಿಲ್ಲವೋ, ನನಗಿನ್ನೂ ತಿಳಿದಿಲ್ಲ. ಕೆಳಗೆ ಕಾಲುವೆ ನೀರಿನ ಭತ್ತದ ಗದ್ದೆಗಳು, ಅದರಾಚೆ ಸುರಪುರದ ಗುಡ್ಡಗಳ ಮಸುಕು. ಮೀನು ಹಿಡಿಯುವ ಉದ್ದನೆಯ ಕೋಲು ನಿಲ್ಲಿಸಿ ತಂತಿ ಎಳೆದು ಕಟ್ಟಿ, ಕೀ ಬಡಿಯತೊಡಗಿದೆ. ಮೊದಲು ಶ್ರೀಲಂಕಾದವನೊಬ್ಬ ಓಗೊಟ್ಟ. ಆಮೇಲೆ ಕೇರಳದವನು. ಮನೆಯ ಬಲ್ಬಿಗೂ ಸಾಲದಷ್ಟು ಕರೆಂಟು, ಆಕಾಶಕ್ಕೆ ಏರಿ, ಅಲ್ಲಿಂದ ತಿರುಗಿ, ಸಮುದ್ರದಾಚೆ ಒಬ್ಬನ ಕಿವಿಯಲ್ಲಿ ಇಳಿಯುತ್ತದೆ! ಎಷ್ಟು ವರ್ಷವಾದರೂ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಸುರಪುರ ಮಾತ್ರ ಸುಮ್ಮನಿತ್ತು. ಮತ್ತೆ ಕರೆದೆ, ಮತ್ತೆ ಕರೆದೆ. ಬರೀ ಸುಯ್ ಸುಯ್.

ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಂದು ಬಗ್ಗಿ ನೋಡಿದಳು. "ಯಪ್ಪಾ, ಯಾರ ಜೋಡಿ ಮಾತಾಡಾಕತ್ತೀ?"

"ಲಂಕಾದವರ ಜೋಡಿ ಆತವ್ವ. ಸುರಪುರದಾಗ ನನ್ನ ಗೆಳೆಯ ಅದಾನ, ದನಿ ಹೋಗೇದ. ಅವ ಮಾತಾಡವಲ್ಲ."

"ಹೌದಾ? ಎಷ್ಟ ಕರದಿ ಅವ್ನ?"

"ಭಾಳ ಕರದೆ. ಆರಾಮ ಇದ್ದೀಯೇನು, ಹ್ಯಾಂಗ ಇದ್ದಿ ಅಂತ."

"ಅಯ್ಯ, ಬ್ಯಾನಿ ಬಂದವನ್ನ ಎಲ್ಲಾರೂ ಅದನ್ನ ಕೇಳ್ತಾರ. ಬೈದು ಕರಿ, ಆರಾಮ ಇದ್ದಾಗ ಗೆಳ್ಯಾರು ಕರೀತಾರಲ್ಲ, ಹಂಗ."

ಅದೂ ಖರೆ ಅನ್ನಿಸಿತು. ಕೀ ಹಿಡಿದು ಬಡಿದೆ: "ಲೇ ಸೋಮಾರಿ, ರೊಟ್ಟಿ ಆರಾಕತ್ತಾವ. ಹಿಂಡಿ ಒಬ್ಬನ ತಿನ್ನಲೇನು?"

ಸುಯ್ ಸುಯ್. ಆಮೇಲೆ ಒಂದು ಗೆರೆ. ಉದ್ದನೆಯ ಗೆರೆ.

ಮೋರ್ಸಿನಲ್ಲಿ ಎಲ್ಲರ ಕೈಯೂ ಒಂದೇ ಅನ್ನುವವರು ಅವನ ಕೈ ಕೇಳಿಲ್ಲ. ನಮ್ಮವರು ಮಾತಿನ ಕೊನೆಗೆ 'ರೀ' ಎಳೆದಂತೆ ಅವನು ಗೆರೆಗಳನ್ನು ಎಳೆಯುತ್ತಾನೆ. ಹೆಸರು ಹೇಳುವ ಮೊದಲೇ ನನ್ನ ಕಣ್ಣು ತುಂಬಿತ್ತು. ಎಷ್ಟೋ ತಿಂಗಳ ಮೇಲೆ ಅವನು ಆಡಿದ ಮೊದಲ ಮಾತು ಇದು: "ಶೇಂಗಾ ಹಿಂಡಿನೋ, ಅಗಸಿ ಹಿಂಡಿನೋ?"

"ಬಂದ್ನೇನಪಾ?" ಎಂದಳು ಮುದುಕಿ. ಅಳುತ್ತ ನಗುತ್ತ ತಲೆಯಾಡಿಸಿದೆ. ಆಕೆ ಆ ಪುಟ್ಟ ಪೆಟ್ಟಿಗೆಗೆ ಕೈ ಮುಗಿದಳು. ನಗಬೇಕೆನಿಸಲಿಲ್ಲ, ನಾನೂ ಮುಗಿದೆ.

ಬಿಸಿಲು ಏರುವವರೆಗೂ ಮಾತಾಡಿದೆವು. ಅವನು ನನ್ನನ್ನು ಬೈದ, ಡಾಕ್ಟರನ್ನು ಬೈದ, ಹೆಂಡತಿ ಮಾಡುವ ಗಂಜಿಯನ್ನೂ ಬೈದ. ಬ್ಯಾಟರಿ ಮುಗಿಯುತ್ತ ಬಂತು, ಇನ್ನು ಸಾಕು ಎಂದೆ. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಬಂತು.

"ಬರ್ತೀನಿ."

ಕೀ ಮುಟ್ಟುವುದೇ ಮರೆತುಹೋಯಿತು. ಎದ್ದು ನಿಂತು ಸುರಪುರದ ಕಡೆ ಮುಖ ಮಾಡಿ, ಗಂಟಲು ಹರಿಯುವಂತೆ, "ಬಾರಲೇ!" ಎಂದು ಕೂಗಿದೆ.