ಅಕ್ಕೋರ ಸೂರ್ಯನಿಗೆ ಎಣ್ಣೆಸ್ನಾನ

ಅಕ್ಕೋರ ಬಲಗೈಯ ತೋರುಬೆರಳು ಯಾವಾಗಲೂ ಮಿರುಗುತ್ತಿತ್ತು. ಉಳಿದ ಬೆರಳುಗಳಿಗೆಲ್ಲ ಸೀಮೆಸುಣ್ಣದ ಪುಡಿ, ಅದೊಂದಕ್ಕೆ ಮಾತ್ರ ಕೊಬ್ಬರಿ ಎಣ್ಣೆ. ಕೆಮ್ಮಿನ ಔಷಧದ ಖಾಲಿ ಬಾಟಲಿಯಲ್ಲಿ ಎಣ್ಣೆ ತುಂಬಿ ಚೀಲದಲ್ಲಿ ಇಟ್ಟುಕೊಂಡೇ ಅವರು ತಿರುಗುತ್ತಿದ್ದುದು. ಬಾಗಿಲು ಕಿರ್ ಎಂದರೆ ತಿರುಗಣಿಗೆ ಒಂದು ಹನಿ, ಕೊಡೆ ಬಿಚ್ಚಲು ಹಟ ಮಾಡಿದರೆ ಅದರ ಕಡ್ಡಿಗಳಿಗೆ ಒಂದೊಂದು ಹನಿ. ಉಪ್ಪುಗಾಳಿ ಕಬ್ಬಿಣವನ್ನು ಹಪ್ಪಳದಂತೆ ಮುರಿದು ತಿನ್ನುವ ನಮ್ಮ ಕಡೆ ಕತ್ತರಿ, ಈಳಿಗೆ, ಸೈಕಲ್ಲಿನ ಸರಪಳಿಗೆ ಎಣ್ಣೆ ಸವರುವುದು ಎಲ್ಲ ಮನೆಯ ರೂಢಿ. ಅಕ್ಕೋರು ಮಾತ್ರ ಅದನ್ನು ನಿತ್ಯಪೂಜೆಯ ಮಟ್ಟಕ್ಕೆ ಏರಿಸಿದ್ದರು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಾವು ಅಕ್ಕೋರು ಎನ್ನುತ್ತೇವೆ. ಇವರು ಅಂಕೋಲೆಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಕಾರವಾರದ ಕೋಡಿಬಾಗಕ್ಕೆ, ಸರಿಯಾಗಿ ನನ್ನ ಮನೆಯ ಪಕ್ಕಕ್ಕೇ ಬಂದು ನೆಲೆಸಿದರು. ತಲೆ ನರೆಯತೊಡಗಿದ ಸರ್ಕಾರಿ ಗುಮಾಸ್ತನೊಬ್ಬನ ಬೇಲಿಯಾಚೆ ಅವನ ಹೈಸ್ಕೂಲಿನ ಅಕ್ಕೋರು ಬಂದು ಕೂತರೆ ಏನಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಲುಂಗಿಯಲ್ಲಿ ಅಂಗಳಕ್ಕೆ ಬರುವುದನ್ನು ನಾನು ಅಂದೇ ಬಿಟ್ಟೆ. ಅವರು ಕೆಮ್ಮಿದರೆ ಓದುತ್ತಿದ್ದ ಪೇಪರು ತನ್ನಷ್ಟಕ್ಕೆ ಮಡಚಿಕೊಳ್ಳುತ್ತಿತ್ತು.

ನಾನು ಹುಟ್ಟಿನಿಂದಲೇ ಚಿಂತೆಯ ಮನುಷ್ಯ. ಬಸ್ಸು ಕಾಳಿ ಸೇತುವೆ ಹತ್ತಿದರೆ ಸೇತುವೆಯ ವಯಸ್ಸೆಷ್ಟಿರಬಹುದೆಂದು ಲೆಕ್ಕ ಹಾಕುವವನು. ಸೇತುವೆ ಇಳಿದ ಮೇಲೆ ಮನೆಯ ಗ್ಯಾಸು ಬಂದ್ ಮಾಡಿದೆನೇ ಎಂದು ಬೆವರುವವನು. ಅಕ್ಕೋರ ಬಳಿ ಇದಕ್ಕೆಲ್ಲ ಒಂದೇ ಮದ್ದಿತ್ತು. ಕ್ಲಾಸಿನಲ್ಲಿ ಯಾರಾದರೂ ಬೇರೆಯವರ ಬಾಯಲ್ಲಿ ಕೇಳಿದ್ದನ್ನೇ ಉತ್ತರವೆಂದು ಒಪ್ಪಿಸಿದರೆ ಅವರು ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದ ಪ್ರಶ್ನೆ ಅದು: “ನೀ ನೋಡಿದ್ಯಾ?”

“ಅಕ್ಕೋರೇ, ಈ ಸಲ ಮಳೆಗೆ ನದಿ ನಮ್ಮ ಅಂಗಳಕ್ಕೇ ಬತ್ತದೇನೋ.”

“ನೀ ನೋಡಿದ್ಯಾ?”

“ಇಲ್ಲ, ಆದ್ರೆ—”

“ನೋಡ್ದಾಗ ಹೇಳು. ಇಬ್ರೂ ಕೂಡೇ ಹೆದರ್ವಾ.”

ಇದೇ ಪ್ರಶ್ನೆ ಒಮ್ಮೆ ತಿರುಗಿ ಅವರಿಗೇ ಬಂತು. ನಿವೃತ್ತಿಯ ವರ್ಷ ಸೌರವಿದ್ಯುತ್ತಿನ ಪಾಠ ಮಾಡುತ್ತಿದ್ದಾಗ ಹಾರವಾಡದ ಒಬ್ಬ ಮೀನುಗಾರರ ಹುಡುಗಿ ಎದ್ದು ನಿಂತು, “ಅಕ್ಕೋರೇ, ಬಿಸಿಲಿಂದ ದೀಪ ಹತ್ತೂದ ನೀವು ನೋಡಿದ್ರ್ಯಾ?” ಎಂದಳಂತೆ. ಅಕ್ಕೋರು ನೋಡಿರಲಿಲ್ಲ. ವರ್ಷವರ್ಷವೂ ಪುಸ್ತಕದ ಚಿತ್ರ ತೋರಿಸಿಯೇ ಪಾಠ ಮುಗಿಸಿದ್ದರು. “ನೋಡಿ ಹೇಳ್ತೆ, ಕೂತ್ಕ” ಎಂದು ಅವಳನ್ನು ಕೂರಿಸಿದರು. ಆದರೆ ಅಂದಿನಿಂದ ತಾವು ಸರಿಯಾಗಿ ಕೂರಲಿಲ್ಲ.

ಕೋಡಿಬಾಗಕ್ಕೆ ಬಂದವರೇ ಕೆಲಸಕ್ಕೆ ಇಳಿದರು. ಮುಂಬೈಯಲ್ಲಿದ್ದ ಹಳೆಯ ಶಿಷ್ಯನೊಬ್ಬನಿಂದ ಬಿಸಿಲನ್ನು ವಿದ್ಯುತ್ತು ಮಾಡುವ, ಅಂಚು ಮುಕ್ಕಾದ ನೀಲಿ ಬಿಲ್ಲೆಗಳನ್ನು ತರಿಸಿಕೊಂಡರು. ಅವು ಎಷ್ಟು ತೆಳುವೆಂದರೆ ಉಸಿರು ಬಿಗಿಹಿಡಿದು ಎತ್ತಬೇಕು. ಒಂದಕ್ಕೊಂದು ತಂತಿ ಬೆಸೆದು ಸಾಲಾಗಿ ಜೋಡಿಸಿದ್ದಾಯಿತು. ಮೇಲೆ ಗಾಜು ಬೇಕಲ್ಲ? ಬೀಳ್ಕೊಡುವಾಗ ಶಾಲೆಯವರು ಕೊಟ್ಟ ಸರಸ್ವತಿಯ ದೊಡ್ಡ ಪಟವನ್ನು ಗೋಡೆಯಿಂದ ಇಳಿಸಿ, ದೇವಿಯನ್ನು ಮೆಲ್ಲಗೆ ಹೊರತೆಗೆದು ಅಡುಗೆಮನೆಯ ಗೋಡೆಗೆ ಹಾಗೇ ಅಂಟಿಸಿದರು. ಚೌಕಟ್ಟು, ಗಾಜು ಎರಡೂ ಬಿಲ್ಲೆಗಳಿಗಾದವು. ಪಾಪ ತಟ್ಟೀತೆಂದು ನಾನು ಗೊಣಗಿದರೆ, “ಅವ್ಳಿಗೆ ಗಾಜು ಎಂತಕೆ? ಬೆಳಕು ಅಂದ್ರೇ ಅವ್ಳು” ಎಂದರು.

ಆದರೆ ನಮ್ಮ ಓಣಿಯ ಬಿಸಿಲು ಅಕ್ಕೋರ ಪರವಾಗಿರಲಿಲ್ಲ. ಬೆಳಿಗ್ಗೆ ತೆಂಗಿನ ನೆರಳು, ಮಧ್ಯಾಹ್ನ ಮಾವಿನ ನೆರಳು, ಮಳೆಗಾಲದಲ್ಲಂತೂ ಆಕಾಶದ್ದೇ ನೆರಳು. ಸ್ಕೂಟರಿನ ಬ್ಯಾಟರಿಗೆ ಜೋಡಿಸಿದ ಪುಟ್ಟ ಟ್ಯೂಬು ಕೆಂಪಗೆ ಕಣ್ಣು ಬಿಟ್ಟು ಮತ್ತೆ ನಿದ್ದೆ ಹೋಗುತ್ತಿತ್ತು. ದಾರಿಯಲ್ಲಿ ಹೋಗುವವರು, “ಅಕ್ಕೋರೇ, ಸೂರ್ಯಂಗೆ ಇವತ್ತು ರಜೆಯಾ?” ಎಂದು ಛೇಡಿಸುತ್ತಿದ್ದರು. ಅವರೂ ನಗುತ್ತಿದ್ದರು. ಸಂಜೆ ಮಾತ್ರ ಆ ಚೌಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದುದನ್ನು ನಾನು ಬೇಲಿಯ ಸಂದಿಯಿಂದ ಕಂಡಿದ್ದೇನೆ.

ಆ ವರ್ಷ ನನ್ನ ಪ್ರವಾಸ ರಿಯಾಯಿತಿಯ ಗಡುವು ಮುಗಿಯುತ್ತಿತ್ತು. ಹಣಕೋಣದವಳಾದ ನನ್ನ ಹೆಂಡತಿಗೆ ರಾಜಸ್ಥಾನದ ಮರುಭೂಮಿಯಲ್ಲಿ ನಡೆಯುವ ಉತ್ಸವ ನೋಡುವ ಆಸೆ. ಒಂಟೆಗಳಿಗೆ ಸೀರೆ ಒಡವೆ ತೊಡಿಸುತ್ತಾರೆಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದಳು. ಬೇಲಿಯಾಚೆಯಿಂದ ಅಕ್ಕೋರ ದನಿ ಬಂತು: “ಅಲ್ಲಿ ನೆರಳು ಇಲ್ಲ ಅಲ್ದಾ, ತಂಗಿ?”

“ಒಂದು ಮರಾನೂ ಇಲ್ಲಂತೆ ಅಕ್ಕೋರೇ.”

“ಹಾಂಗಾದ್ರೆ ನಾನೂ ಬತ್ತೆ. ಅಲ್ಲೂ ಹತ್ತಿಲ್ಲ ಅಂದ್ರೆ ಅದ್ನ ಕಾಳಿ ಹೊಳೆಗೆ ಬಿಟ್ಬಿಡ್ತೆ. ಆ ಹುಡ್ಗಿಗೆ ‘ನಾ ನೋಡ್ಲಿಲ್ಲ ಮಗಾ’ ಅಂತ ಹೇಳ್ತೆ.”

ಹೊರಡುವ ಹಿಂದಿನ ದಿನ, ದೂರದ ಪಯಣವೆಂದು ಅಕ್ಕೋರು ಚೌಕಟ್ಟಿಗೆ, ಮೊಳೆಗಳಿಗೆ, ಗಾಜಿಗೆ ಧಾರಾಳವಾಗಿ ಎಣ್ಣೆ ಸವರಿದರು. ಮದುವೆಯ ಮುಂಚೆ ಮದುಮಗಳಿಗೆ ಹಚ್ಚಿದ ಹಾಗೆ. ಅದನ್ನು ಚಾದರದಲ್ಲಿ ಸುತ್ತಿ ಕಾರವಾರದಲ್ಲಿ ರೈಲು ಹತ್ತಿದೆವು. ಬ್ಯಾಟರಿ, ಟ್ಯೂಬು, ವಿದ್ಯುತ್ತು ಅಳೆಯುವ ಮೀಟರು, ತಂತಿ, ಬೆಸುಗೆ ಹಾಕುವ ಕಡ್ಡಿ ಇರುವ ಚೀಲ ನನ್ನ ಕಾಲಬುಡದಲ್ಲಿತ್ತು. ಪೊಲೀಸರು ಬೋಗಿಗೆ ಬಂದಾಗಲೆಲ್ಲ ನಾಳಿನ ಪೇಪರಿನಲ್ಲಿ ಬರಬಹುದಾದ ನನ್ನ ಫೋಟೋ ಕಣ್ಣಿಗೆ ಕಟ್ಟುತ್ತಿತ್ತು. ಅವರಲ್ಲೊಬ್ಬ ಚೀಲ ಬಿಚ್ಚಿಸಿಯೇ ಬಿಟ್ಟ. ಅಕ್ಕೋರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೌರವಿದ್ಯುತ್ತಿನ ಪಾಠವನ್ನು ಮೊದಲಿನಿಂದ ಶುರುಮಾಡಿದರು. ಮುಂದಿನ ನಿಲ್ದಾಣದಲ್ಲಿ ಅವನು ಇಳಿದ ಅವಸರ ನೋಡಬೇಕಿತ್ತು.

ಉತ್ಸವದ ಬಯಲಲ್ಲಿ ಮರಳಿನ ದಿಬ್ಬದಾಚೆ ಮತ್ತೆ ಮರಳಿನ ದಿಬ್ಬ. ನನಗೆ ಮೊದಲು ಅನ್ನಿಸಿದ್ದು, ಇಷ್ಟು ದೊಡ್ಡ ಕಡಲದಂಡೆ, ಸಮುದ್ರವನ್ನು ಎಲ್ಲಿ ಮರೆತು ಬಂದಿದೆ ಎಂದು. ಜನರೇಟರಿನ ದೀಪ ಶ್ರೀಮಂತರ ಡೇರೆಗಳಿಗೆ ಮಾತ್ರ. ನಮ್ಮದು ಕೊನೆಯ ಸಾಲು, ಸಂಜೆಯಾದರೆ ಮೇಣದಬತ್ತಿಯೇ ಗತಿ. ಗಾಳಿಗೆ ಅದೂ ನಿಲ್ಲದು. ಅಕ್ಕೋರು ತಮ್ಮ ಎಣ್ಣೆಬಾಟಲಿ ತೆಗೆದು ಗಾಜಿಗೆ ಇನ್ನೊಂದು ಕೈ ಸವರಿದರು. ಹೊಸ ಊರು, ಗಾಳಿ ಹೇಗೋ ಏನೋ. ಆಮೇಲೆ ಸಾಲಿನುದ್ದಕ್ಕೂ ನಡೆದು ಅರ್ಧ ಹಿಂದಿ ಅರ್ಧ ಕೊಂಕಣಿಯಲ್ಲಿ ಸಾರಿ ಬಂದರು: “ಕಲ್ ರಾತ್ ಜೇವಣ ಹಮಾರೇ ಇಧರ್! ಸೂರ್ಯ ಕಾ ದೀವೋ ಲಗೇಗಾ!”

ಮರುದಿನ ರಾತ್ರಿ ಸೂರ್ಯನ ದೀಪದಡಿ ಉಣ್ಣಲು ಪುಣೆಯ ಒಂದು ಕುಟುಂಬ ಒಪ್ಪಿತು. ಒಂಟೆ ಓಡಿಸುವ ಒಬ್ಬ ಮುದುಕನೂ ಒಪ್ಪಿದ. ಅವನು ಮೀಸೆಯ ಸ್ಪರ್ಧೆಗೆ ಬಂದವನು. ಎರಡೂ ಕೆನ್ನೆಯ ಮೇಲೆ ಒಂದೊಂದು ಅಳಿಲು ಮಲಗಿದಂಥ ಮೀಸೆ.

“ಹತ್ತದಿದ್ದರೆ ಅಕ್ಕೋರೇ?” ಎಂದೆ.

ಅವರು “ನೀ ನೋಡಿದ್ಯಾ” ಎನ್ನಲಿಲ್ಲ. ಎಣ್ಣೆಬಾಟಲಿಯ ಮುಚ್ಚಳ ಬಿಗಿಮಾಡಿ ಚೀಲಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆಯೇ ಚೌಕಟ್ಟನ್ನು ಡೇರೆಯ ಮುಂದೆ ಬಿಸಿಲಿಗೆ ಒಡ್ಡಿ, ಮರಳು ಹಾರುವ ಗಾಳಿಯಲ್ಲೇ ಉತ್ಸವ ನೋಡಲು ಹೋದೆವು. ಹೆಂಡತಿ ಒಡವೆ ತೊಟ್ಟ ಒಂಟೆಗಳನ್ನು ಕಣ್ಣು ತುಂಬ ನೋಡಿ, “ನನ್ಗಿಂತ ಜಾಸ್ತಿ ಬಂಗಾರ ಇದಕ್ಕದೆ” ಎಂದು ನನ್ನತ್ತ ತಿರುಗಿದಳು. ನಾನು ಮೊಬೈಲಿನ ಚಾರ್ಜು ಮುಗಿದ ದುಃಖದಲ್ಲಿದ್ದೆ.

ಮಧ್ಯಾಹ್ನ ಹಿಂತಿರುಗಿ ಅಕ್ಕೋರು ಮೀಟರು ಹಚ್ಚಿದರು. ನೆತ್ತಿ ಬಿರಿಯುವ ಬಿಸಿಲು. ಮುಳ್ಳು ಮಾತ್ರ ಕೋಡಿಬಾಗದ ಆಷಾಢದಲ್ಲಿ ಮಲಗುವ ಹಾಗೆ ಮಲಗಿತ್ತು. ತಂತಿ ಬಿಗಿಮಾಡಿದರು. ಬ್ಯಾಟರಿ ಅಲುಗಿಸಿದರು. ಮುಳ್ಳು ಮಿಸುಕಲಿಲ್ಲ.

“ರೈಲಲ್ಲಿ ಕುಲುಕಿ ಬೆಸುಗೆ ಬಿಟ್ಟದೆ” ಎಂದರು. “ಗಾಜು ಬಿಚ್ಚಿ ನೋಡ್ಬೇಕು.”

“ಬಿಚ್ಚಿದ್ರೆ ಬಿಲ್ಲೆ ಪುಡಿ ಆಗ್ತದೆ ಅಕ್ಕೋರೇ! ಆಮೇಲೆ ಏನೂ ಉಳಿಯೂದಿಲ್ಲ!”

“ಗೊತ್ತದೆ” ಎಂದರು. ಇಷ್ಟು ವರ್ಷದಲ್ಲಿ ಅವರ ದನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಕೇಳಿರಲಿಲ್ಲ. ತಿರುಪುಳಿ ಕೈಯಲ್ಲಿ ಹಿಡಿದು ಮೊದಲ ತಿರುಪುಮೊಳೆಗೆ ಒತ್ತಿದರು.

ಅಷ್ಟರಲ್ಲಿ ಒಂಟೆಯ ಮುದುಕ ಬಂದ. ಮೀಸೆಗೆ ಬಹುಮಾನ ಬಂದ ಖುಷಿಯಲ್ಲಿ ಮಿಠಾಯಿ ಹಂಚಲು ಬಂದಿದ್ದ. ಸ್ಪರ್ಧೆಗೆಂದು ಬೆಳಿಗ್ಗೆ ಸಾಸಿವೆ ಎಣ್ಣೆ ತೀಡಿಕೊಂಡ ಕರಿಮೀಸೆ ಈಗ ಪೂರ್ತಿ ಮರಳಿನ ಬಣ್ಣಕ್ಕೆ ತಿರುಗಿತ್ತು. ಅಳಿಲುಗಳೆರಡೂ ಹಿಟ್ಟಿನಲ್ಲಿ ಹೊರಳಿ ಬಂದಂತಿದ್ದವು. ಮಿಠಾಯಿಗೆ ಕೈ ಚಾಚಿದ ಅಕ್ಕೋರು ಚಾಚಿದ ಕೈಯನ್ನು ಹಾಗೇ ಹಿಡಿದು ಅವನ ಮೀಸೆಯನ್ನೇ ನೋಡತೊಡಗಿದರು. ಅವನು ಪಾಪ ನಾಚಿಕೊಂಡ. ಆಮೇಲೆ ಅವರು ಹಿಂದಕ್ಕೆ ತಿರುಗಿ ತಮ್ಮ ಆ ತೋರುಬೆರಳಿನಿಂದ ಗಾಜಿನ ಮೇಲೆ ಒಂದು ಗೆರೆ ಎಳೆದರು. ಗೆರೆ ಎಳೆದಲ್ಲಿ ನೀಲಿ. ಉಳಿದದ್ದೆಲ್ಲ ಮರಳು. ಮರಳಿನ ನಾಡಿನಲ್ಲಿ ಎಲ್ಲವೂ ಮರಳಿನ ಬಣ್ಣವೇ ಎಂದುಕೊಂಡು ನಾವು ಮೂವರೂ ಅದನ್ನು ಗಮನಿಸಿಯೇ ಇರಲಿಲ್ಲ.

“ಅಯ್ಯೋ ದೇವ್ರೇ!” ಎಂದು ಅಕ್ಕೋರು ಮರಳಿನಲ್ಲೇ ಕೂತುಬಿಟ್ಟರು. ಅಳುತ್ತಿದ್ದಾರೆಂದು ನಾನು ಹತ್ತಿರ ಓಡಿದೆ. ಅವರು ನಗುತ್ತಿದ್ದರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. “ತಮ್ಮಾ, ತುಕ್ಕೇ ಹಿಡಿಯದ ಊರಿಗೆ ಬಂದು ಎಣ್ಣೆ ಹಚ್ಚಿ ಕೂತಿದ್ದೆ ಕಾಣು! ಬಿಲ್ಲೆಗೆ ಏನೂ ಆಗ್ಲಿಲ್ಲ. ಅದ್ರ ಕಣ್ಣಿಗೆ ಮಣ್ಣು ಹಾಕ್ದವ್ಳು ನಾನೇಯ!”

ಆಮೇಲಿನ ಅರ್ಧ ತಾಸು ನಾನು ಜೀವಮಾನದಲ್ಲಿ ಮರೆಯಲಾರೆ. ಒಣಬಟ್ಟೆಯಲ್ಲಿ ಒರೆಸಿದರೆ ಮರಳು ಗಾಜನ್ನು ಗೀಚುತ್ತದೆ. “ಎಣ್ಣೆ ಹಚ್ಚಿ ಆಯ್ತು. ಇನ್ನು ಮೀಯ್ಸೂದೇಯ” ಎಂದರು ಅಕ್ಕೋರು. ಹೆಂಡತಿ ತಲೆಗೆಂದು ಕಟ್ಟಿ ತಂದಿದ್ದ ಸೀಗೆಪುಡಿಯ ಗಂಟು ಬಿಚ್ಚಿದಳು. ನಾನು ಕುಡಿಯುವ ನೀರಿನ ಕ್ಯಾನನ್ನು ತಬ್ಬಿಕೊಂಡು, ಇದು ಮುಗಿದರೆ ನಮ್ಮ ಹೆಣಗಳು ಎಂದು ಸಿಗಬಹುದೆಂದು ವಿವರಿಸುತ್ತಿದ್ದೆ. ಹೆಂಡತಿ ನನ್ನ ತೋಳಿನಿಂದ ಅದನ್ನು ಕಿತ್ತುಕೊಂಡಳು. ಚೌಕಟ್ಟನ್ನು ಓರೆಯಾಗಿ ಹಿಡಿದು ಮೊದಲು ಮೆಲ್ಲಗೆ ನೀರು ಹನಿಸಿ ಮರಳನ್ನು ಇಳಿಸಿದರು, ಆಮೇಲೆ ಸೀಗೆಯ ನೊರೆ. ಕೂಸಿಗೆ ಎರೆಯುವಾಗ ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಇಡುತ್ತಾರಲ್ಲ, ಹಾಗೆ ಅಕ್ಕೋರು ತಂತಿಯ ಸಂದಿಗೆ ಅಂಗೈ ಅಡ್ಡ ಇಟ್ಟಿದ್ದರು. ಒರೆಸಲು ನನ್ನ ಒಗೆದಿಟ್ಟ ಏಕೈಕ ಪಂಚೆ ಹೋಯಿತು. ಸೀಗೆಯ ವಾಸನೆಗೆ ಒಂಟೆ ಒಮ್ಮೆ ಸೀನಿತು. ಮುದುಕ ತಾನೂ ಒಂದು ಚಿಟಿಕೆ ಸೀಗೆ ಬೇಡಿ, ಉಳಿದ ನೊರೆಯಲ್ಲಿ ಮೀಸೆ ತೊಳೆದುಕೊಂಡ.

ಮೀಟರಿನ ಮುಳ್ಳು ಹೊಡೆತ ತಿಂದವರಂತೆ ಎದ್ದು ನಿಂತಿತು.

ಆದರೆ ಅರ್ಧ ಬಿಸಿಲು ಆಗಲೇ ಕಳೆದುಹೋಗಿತ್ತು. ಉಳಿದದ್ದು ಸಾಲುತ್ತದೆಯೇ? ಅಕ್ಕೋರು ಸೂರ್ಯ ಸರಿದಂತೆಲ್ಲ ಚೌಕಟ್ಟನ್ನು ಸರಿಸುತ್ತ ಅದರ ಪಕ್ಕದಲ್ಲೇ ಕೂತರು, ಹಾರವಾಡದ ಹೆಂಗಸರು ಒಣಮೀನಿನ ಪಕ್ಕ ಕಾಗೆ ಕಾಯುತ್ತ ಕೂರುವ ಹಾಗೆ. ನಾನು ಮೊಬೈಲು ಹಿಡಿದು ಹತ್ತಿರ ಸುಳಿದರೆ, “ಮುಟ್ಟಿದ್ರೆ ಕೈ ಮುಂದೆ ಮಾಡಿಸಿ ಹೊಡೀತೆ” ಎಂದರು. ಆ ಮಾತಿಗೆ ನನ್ನ ಅಂಗೈ ನಿಜವಾಗಿ ಚುರುಗುಟ್ಟಿತು.

ಸೂರ್ಯ ಮುಳುಗಿದ. ಪುಣೆಯವರು ತಟ್ಟೆ ಹಿಡಿದು ಬಂದರು, ಮುದುಕ ತೊಳೆದ ಮೀಸೆಯೊಂದಿಗೆ ಬಂದ. ಹೆಂಡತಿ ಕಲಸಿದ ಅವಲಕ್ಕಿ, ಒಣಸಿಗಡಿಯ ಚಟ್ನಿ ಡೇರೆಯ ಕತ್ತಲಲ್ಲಿ ಕಾಯುತ್ತಿದ್ದವು. ಅಕ್ಕೋರು ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಕ್ಷಣ ಹಾಗೇ ನಿಂತರು. ನಾನು ಗೊತ್ತಿದ್ದ ದೇವರನ್ನೆಲ್ಲ ನೆನೆದೆ, ಅಡುಗೆಮನೆಯ ಗೋಡೆಯಲ್ಲಿ ಗಾಜಿಲ್ಲದೆ ನಿಂತ ಸರಸ್ವತಿಯನ್ನು ವಿಶೇಷವಾಗಿ.

ಟ್ಯೂಬು ಒಮ್ಮೆ ಕೆಂಪಾಯಿತು. ಮಿಟುಕಿತು. ಆಮೇಲೆ ಬೆಳ್ಳಗೆ ಹತ್ತಿಕೊಂಡು ನಿಂತಿತು.

ಯಾರೋ ಚಪ್ಪಾಳೆ ಹೊಡೆದರು. ಅಕ್ಕೋರು ದೀಪದಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದರು, “ನೋಡ್ದ್ಯಾ?”

“ನೋಡಿದೆ ಅಕ್ಕೋರೇ.”

“ನಾನೂ ನೋಡಿದೆ.”

ನಿಜ ಹೇಳಬೇಕೆಂದರೆ, ಹುಣ್ಣಿಮೆ ಹತ್ತಿರವಾಗಿತ್ತು; ಡೇರೆಯಿಂದ ಹೊರಗೆ ಕಾಲಿಟ್ಟರೆ ಮರಳೆಲ್ಲ ಹಾಲು ಚೆಲ್ಲಿದಂತಿತ್ತು. ಹೊರಗೆ ಕೂತು ಉಣ್ಣಲು ಯಾವ ದೀಪವೂ ಬೇಕಿರಲಿಲ್ಲ. ಪುಣೆಯವರು ಮರ್ಯಾದಸ್ಥರು, ಒಬ್ಬರೂ ಹೊರಗೆ ಹೋಗೋಣ ಎನ್ನಲಿಲ್ಲ. ನಾನು ಮಾತ್ರ ಬಾಯಿ ತಡೆಯಲಾರದೆ ಅಂದುಬಿಟ್ಟೆ. ಅಕ್ಕೋರು ಚಂದ್ರನ ಕಡೆ ನೋಡಿ, “ಅವಂದೂ ಸೂರ್ಯನ ಬೆಳಕೇ ಅಲ್ದಾ? ನಮ್ಮ ಹಾಂಗೇ ಅವಂದೂ ಮನೆಯಲ್ಲೇ ಮಾಡ್ಕಂಡಿದ್ದು” ಎಂದು ಇನ್ನೊಂದು ಹಿಡಿ ಅವಲಕ್ಕಿ ಹಾಕಿಸಿಕೊಂಡರು. ಮರುದಿನ ನನ್ನ ಮೊಬೈಲಿಗೂ ಚಾರ್ಜು ಸಿಕ್ಕಿತು. ಆ ದಿಬ್ಬಗಳಲ್ಲಿ ನೆಟ್‌ವರ್ಕೇ ಇರಲಿಲ್ಲ ಎಂಬುದು ಆಗ ತಿಳಿಯಿತು.

ಊರಿಗೆ ಬಂದವರೇ ಅಕ್ಕೋರು ನನ್ನನ್ನು ಎಳೆದುಕೊಂಡು ಹಾರವಾಡದ ಆ ಹುಡುಗಿಯ ಮನೆಗೆ ಹೋದರು. ಅವಳಾಗಲೇ ಕಾಲೇಜಿಗೆ ಹೋಗುತ್ತಿದ್ದಳು. ತಾಯಿಯೊಂದಿಗೆ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು.

“ಬಿಸಿಲಿಂದ ದೀಪ ಹತ್ತೂದ ನಾ ನೋಡಿದೆ ಮಗಾ. ಹೇಳ್ತೆ ಅಂದಿದ್ದೆ ಅಲ್ದಾ?”

ಹುಡುಗಿ ಕಣ್ಣು ಪಿಳಿಪಿಳಿ ಮಾಡಿದಳು. “ಯಾವಾಗ ಅಕ್ಕೋರೇ? ನಾ ಏನ್ ಕೇಳಿದ್ದೆ?”

ಅವಳಿಗೆ ಪ್ರಶ್ನೆಯೇ ಮರೆತುಹೋಗಿತ್ತು. ನಾನು ಅಕ್ಕೋರ ಮುಖ ನೋಡಲಾರದೆ ಒಣಹಾಕಿದ ಮೀನು ಎಣಿಸತೊಡಗಿದೆ. ಅಕ್ಕೋರೋ, ಹಿಂತಿರುಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ನಕ್ಕರು. “ಅವ್ಳು ಮರೆತ್ಳು, ನಾ ಮರೀಲಿಲ್ಲ. ಅದ್ಕೇ ನಂಗೆ ಮರುಭೂಮಿ ಕಾಣೂಕೆ ಸಿಕ್ತು!”

ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಮಂಚದ ಬಳಿ ಕೂತು ನಾನು ನನ್ನ ಎಂದಿನ ಮುಖ ಮಾಡಿಕೊಂಡಿರಬೇಕು. ಕಣ್ಣು ತೆರೆದು ನನ್ನನ್ನೇ ನೋಡಿದರು.

“ಎಂತಕೆ ಹೆದರ್ತೀ? ಅಲ್ಲಿ ಹೇಂಗದೆ ಅಂತ ನೀ ನೋಡಿದ್ಯಾ?”

“ಇಲ್ಲ ಅಕ್ಕೋರೇ.”

“ನಾನೂ ನೋಡ್ಲಿಲ್ಲ” ಎಂದು ನಕ್ಕರು. “ಈಗ ನೋಡ್ತೆ.”

ಆ ವಾರವೇ ಹೋದರು. ಸರಸ್ವತಿಯ ಚೌಕಟ್ಟು ಈಗ ನಮ್ಮ ಮಾಡಿನ ಮೇಲಿದೆ. ಮಾವಿನ ಒಂದು ಕೊಂಬೆ ಕಡಿಸಿದ್ದೇನೆ, ಆದ್ದರಿಂದ ಕರೆಂಟು ಹೋದ ಸಂಜೆ ಓಣಿಯಲ್ಲಿ ನಮ್ಮದೊಂದು ಮನೆಗೆ ಬೆಳಕು. ಶನಿವಾರ ಏಣಿ ಹಾಕಿ ಹತ್ತುತ್ತೇನೆ. ಏಣಿ ಜಾರುತ್ತದೆಂದು ಅರ್ಧದಲ್ಲಿ ನಿಂತು ಬೆವರುತ್ತೇನೆ. ನೋಡಿದ್ಯಾ ಎಂದು ನನ್ನನ್ನೇ ಕೇಳಿಕೊಂಡು ಮತ್ತೆ ಹತ್ತುತ್ತೇನೆ. ಕೆಮ್ಮಿನ ಔಷಧದ ಆ ಬಾಟಲಿ ಜೇಬಿನಲ್ಲಿರುತ್ತದೆ. ಮೊಳೆಗಳಿಗೆ ಒಂದೊಂದು ಹನಿ ಮುಟ್ಟಿಸಿ, ಬೆರಳನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು, ಆಮೇಲೆ ಸೀಗೆನೀರಿನಲ್ಲಿ ಗಾಜು ಮೀಯಿಸುತ್ತೇನೆ.