ಅಜ್ಜಿ ಬೆನ್ನು ತಟ್ಟಿ ಹೇಳಿಕೊಟ್ಟ ಉತ್ತರ

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ದೂರ ನಿಂತು ಎಷ್ಟು ಬೆರಳು ತೋರಿಸಿದರೂ, ಅಜ್ಜಿಯ ತೊಡೆಯ ಮೇಲೆ ಕುಳಿತ ನನ್ನ ಪುಟ್ಟ ಮಗಳು ತಪ್ಪದೆ ಹೇಳಿದಳು. ಮನೆಯಲ್ಲಿ ದಿನವೂ ಹೊಸ್ತಿಲು ಎಡವುವ ಹುಡುಗಿ! ಬಗ್ಗಿ ನೋಡಿದೆ. ಸೆರಗಿನ ಮರೆಯಲ್ಲಿ ನನ್ನ ಅವ್ವ ಅಷ್ಟಷ್ಟೇ ಸಲ ಅವಳ ಬೆನ್ನು ತಟ್ಟುತ್ತಿದ್ದಳು.

“ಸುಮ್ಕಿರಲೇ,” ಎಂದು ನನ್ನನ್ನೇ ಗದರಿದಳು. “ಕಣ್ಣು ಕಾಣಲ್ಲ ಅಂತ ಊರಾಗೆ ಗೊತ್ತಾದ್ರೆ ಈ ಮಗೀನ ಯಾರು ಮದ್ವೆ ಆಗ್ತಾರೆ?”

“ಮದ್ವೆ ಆಮ್ಯಾಲೆ ಅವ್ವಾ, ಮೊದ್ಲು ಕಣ್ಣು ಕಾಣ್ಲಿ,” ಎಂದು ಮಗಳನ್ನು ದೂರ ಕೂರಿಸಿದೆ. ಈ ಸಲ ಅವಳಿಗೆ ಒಂದು ಬೆರಳೂ ಕಾಣಲಿಲ್ಲ. ಡಾಕ್ಟರು ಕನ್ನಡಕ ಬರೆದುಕೊಟ್ಟರು.

ನಮ್ಮ ವಂಶದಲ್ಲಿ ಬಿ.ಎ. ಮಾಡಿದ ಮೊದಲಿಗ ನಾನು. ಮಗಳ ಕನ್ನಡಕ ಕಂಡು ನಮ್ಮೂರು ಮತ್ತೋಡಿನವರು ಮಾತೆತ್ತಿದರೆ ಅವ್ವ ಈಗ ತಲೆಯೆತ್ತಿ ಹೇಳುತ್ತಾಳೆ: “ನಮ್ಮ ಮನ್ಯಾಗೆ ಎರಡ್ನೇ ಬಿ.ಎ. ಇವ್ಳೇ ಕಣ್ರಿ. ಕನ್ನಡಕ ಬ್ಯಾಡ್ವೇ?”