ಸಾವಿರ ಕಿಲೋಮೀಟರಿನ ನೆಪ

ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ನಾನು ಮೊದಲ ಕಾರು ಕೊಂಡೆ. ಅದನ್ನು ಓಡಿಸುವುದಕ್ಕಿಂತ ಒರೆಸುವುದರಲ್ಲೇ ನನಗೆ ಹೆಚ್ಚು ಪರಿಣತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡೊಂಬಿವಲಿಯಿಂದ ಆಫೀಸಿಗೆ ಲೋಕಲ್ ರೈಲೇ ಗತಿ. ಕಾರು ನಮ್ಮ ಫ್ಲ್ಯಾಟುಗಳ ಸೊಸೈಟಿಯ ಅಂಗಳದಲ್ಲಿ ಮದುಮಗನ ಹಾಗೆ ನಿಂತಿರುತ್ತಿತ್ತು. ಒಂದು ದಿನ ಶೋರೂಮಿನ ಮೆಕ್ಯಾನಿಕ್ ಫೋನ್ ಮಾಡಿ ಹೆದರಿಸಿದ: "ಅಂಕಲ್, ನಯಾ ಇಂಜಿನ್ ಹೈ, ಖಡಾ ಮತ್ ರಖೋ. ಪೆಹಲಾ ಹಜಾರ್ ಕಿಲೋಮೀಟರ್ ಚಲಾವೋ, ಲೇಕಿನ್ ಆರಾಮ್ ಸೇ."

ಹೊಸ ದೋಸೆ ಕಾವಲಿಗೆ ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸುವುದನ್ನು ನಮ್ಮ ಉಡುಪಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಜಿನ್ನಿಗೂ ಅಂಥದೇ ಆರೈಕೆ ಬೇಕಂತೆ. ಸುಮ್ಮನೆ ನಿಲ್ಲಿಸಿಡಬಾರದು. ಮೊದಲ ಸಾವಿರ ಕಿಲೋಮೀಟರ್ ಓಡಬೇಕು, ಆದರೆ ಏದುಸಿರು ಬಿಡಬಾರದು. ಒಂದೇ ವೇಗದಲ್ಲಿಯೂ ಹೋಗಬಾರದು. ನಮ್ಮ ದಾರಿಯ ಶೀಳ್‌ಫಾಟಾ ಕೂಡುರಸ್ತೆಯ ಟ್ರಾಫಿಕ್ಕು ಈ ಕೊನೆಯ ನಿಯಮವನ್ನು ನನ್ನ ಪರವಾಗಿ ತಾನೇ ಪಾಲಿಸಿತು.

ಪ್ರತಿ ಭಾನುವಾರ ಹೊರಟೆವು. ಟಿಟ್ವಾಳಾದ ಗಣಪತಿಯ ದರ್ಶನ ಮೂರು ಸಲ ಆಯಿತು. ಖಾರಘರದಲ್ಲಿರುವ ಮಗಳು ಬಾಗಿಲು ತೆರೆದು, "ಪಪ್ಪಾ, ಫಿರ್ ಸೇ? ಮತ್ತೆ ಬಂದ್ರಾ?" ಎಂದಳು. ಇನ್ನೆಲ್ಲಿಗೆ ಹೋಗುವುದೆಂದು ನಾನು ಯೋಚಿಸುತ್ತಿದ್ದಾಗ ಹೆಂಡತಿ ಸುಮತಿ ಕಿಟಕಿಯಾಚೆ ನೋಡುತ್ತ, "ನೌಪಾಡಾಕ್ಕೆ ಹೋಗುವನಾ?" ಎಂದಳು.

ನೌಪಾಡಾದಲ್ಲಿ ನನ್ನ ಅಣ್ಣನ ಹೋಟೆಲಿದೆ. ಊರಿನಿಂದ ಬಂದ ನನ್ನನ್ನು ತನ್ನ ಕೋಣೆಯಲ್ಲಿಟ್ಟುಕೊಂಡು ಓದಿಸಿದವನು ಅವನು. ಮಗಳ ಮದುವೆಗೆ ಮಾತ್ರ ಅವನನ್ನು ಮನೆಗೆ ಹೋಗಿ ಕರೆಯದೆ, ಎಲ್ಲರಿಗೂ ಕಳಿಸಿದ ಹಾಗೆ ಮೊಬೈಲಿನಲ್ಲಿ ಕರೆಯೋಲೆ ಕಳಿಸಿದ್ದೆ. ಅಣ್ಣ ಬರಲಿಲ್ಲ. ಇಷ್ಟಕ್ಕೆಲ್ಲ ಸಿಟ್ಟೇ ಎಂದು ನಾನೂ ಸಿಟ್ಟು ಮಾಡಿಕೊಂಡೆ. ನಾಲ್ಕು ವರ್ಷ ಮಾತಿಲ್ಲ. ಹೋದ ಮಳೆಗಾಲದಲ್ಲಿ ಅವನಿಗೆ ಬೈಪಾಸ್ ಆಯಿತೆಂದು ಯಾರಿಂದಲೋ ಕೇಳಿಯೂ ನಾನು ಹೋಗಿರಲಿಲ್ಲ.

ನಾವು ಹೋದಾಗ ಅಣ್ಣ ಗಲ್ಲಾದಲ್ಲಿ ಕೂತಿದ್ದ. ತೆಳ್ಳಗಾಗಿದ್ದ.

"ಎಂತ, ದಾರಿ ತಪ್ಪಿತಾ?"

"ಹೊಸ ಕಾರು. ಸಾವಿರ ಕಿಲೋಮೀಟರ್ ಓಡಿಸ್ಬೇಕಂತೆ, ಹಾಗೆ ಬಂದೆ," ಎಂದೆ. ನಾಲ್ಕು ವರ್ಷದ ಮೇಲೆ ಆಡಿದ ಮೊದಲ ಮಾತು ನೋಡಿ!

"ಹಾಗಾದ್ರೆ ಬಂದದ್ದು ಕಾರು. ನೀನಲ್ಲ."

ಸುಮತಿ ತಡೆಯಲಾರದೆ, "ಇವರಿಗೆ ಹೇಳ್ಲಿಕ್ಕೆ ಬಾಯಿ ಬರುದಿಲ್ಲ ಭಾವ. ನಿಮ್ಮನ್ನು ನೋಡ್ಲಿಕ್ಕೇ ಬಂದದ್ದು," ಎಂದಳು.

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಗಲ್ಲಾ ಬಿಟ್ಟು ಎದ್ದ. "ಒಂದು ರೌಂಡ್ ಹೊಡಿ, ನೋಡುವ," ಎನ್ನುತ್ತ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತ. ಸುಮತಿ ಜಾಣೆ, ತನಗೆ ಕಾಫಿ ಬೇಕೆಂದು ಹೋಟೆಲಿನಲ್ಲೇ ಉಳಿದಳು.

ಅಲ್ಲೇ ಹತ್ತಿರದ ಕೆರೆಯ ಸುತ್ತ ಬರುವಾಗ, ಎದುರಿನ ರಿಕ್ಷಾದ ಮೇಲೆ ಕಣ್ಣಿಟ್ಟು, "ತಪ್ಪಾಯ್ತು ಅಣ್ಣ," ಎಂದೆ.

ಅವನು ಎದೆಯ ಮೇಲಿನ ಸೀಟ್‌ಬೆಲ್ಟನ್ನು ಸಡಿಲಿಸಿಕೊಂಡ. "ಆಸ್ಪತ್ರೆಯಲ್ಲಿ ದಿನಾ ಬಾಗಿಲು ನೋಡ್ತಿದ್ದೆ ಮಾರಾಯ," ಎಂದ. ಮತ್ತೆ, "ನಾನೂ ಮದುವೆಗೆ ಬರ್ಬೇಕಿತ್ತು."

ನನ್ನ ಕಣ್ಣು ಮಂಜಾಗಿ ಕಾರು ತುಸು ವಾಲಿತು.

"ಮೊದ್ಲು ಗಾಡಿ ಬದಿಗೆ ಹಾಕು," ಎಂದ ಅಣ್ಣ. "ನನ್ನ ಎದೆ ಈಗಷ್ಟೇ ರಿಪೇರಿ ಆದದ್ದು."

ಇಬ್ಬರಿಗೂ ನಗು ಬಂತು. ನಾಲ್ಕು ವರ್ಷದಿಂದ ಹೊತ್ತದ್ದೇನೋ ಇಳಿದ ಹಾಗಾಯಿತು.

ಸೋಫಾದಲ್ಲಿ ಎದುರುಬದುರು ಕೂತಿದ್ದರೆ ನನ್ನ ಬಾಯಿಂದ ಆ ಮಾತು ಹೊರಡುತ್ತಿರಲಿಲ್ಲ. ಕಾರಿನಲ್ಲಿ ಇಬ್ಬರೂ ರಸ್ತೆಯನ್ನೇ ನೋಡುತ್ತಿರುತ್ತಾರೆ. ತಪ್ಪೊಪ್ಪಿಕೊಳ್ಳುವವನ ಮುಖ ಯಾರಿಗೂ ಕಾಣುವುದಿಲ್ಲ. ಮೈಲೇಜು, ಏಸಿ ಎಂದು ಅಷ್ಟೆಲ್ಲ ಹೊಗಳಿ ಮಾರುವವರು ಈ ಸೌಕರ್ಯವನ್ನೇಕೆ ಹೇಳುವುದಿಲ್ಲವೋ!